ಎಂಟನೇ ಮೆಟ್ಟಿಲು

ಒಂದಿಡೀ ವರ್ಷ ನನ್ನ ಬೆರಳುಗಳನ್ನೇ ಬೈದುಕೊಂಡಿದ್ದೆ. ಗಿಟಾರಿನ ಮೊದಲ ತಂತಿಯನ್ನು ಏಳನೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಸ್ವರದ ಜೊತೆಗೆ ಝರ್ರ್ ಎಂದು ಜೀರುಂಡೆಯೊಂದು ದನಿಗೂಡಿಸುತ್ತಿತ್ತು. "ಇನ್ನೂ ಗಟ್ಟಿಯಾಗಿ ಒತ್ತಬೇಕು" ಎನ್ನುತ್ತಿದ್ದರು ಮೇಷ್ಟ್ರು. ಒತ್ತಿದೆ. ಬೆರಳ ತುದಿ ಜಡ್ಡುಗಟ್ಟಿತೇ ಹೊರತು ಜೀರುಂಡೆ ಹೋಗಲಿಲ್ಲ. ಹಾಸ್ಟೆಲಿನ ಸೀನಿಯರ್ ಒಬ್ಬರಿಂದ ಕೊಂಡಿದ್ದ ಹಳೆಯ ಗಿಟಾರದು. ಆದರೂ ದೋಷ ಅದರದ್ದಿರಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ. ಕಲಿಯುವವರಿಗೆ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಸಂಗೀತ ನನಗಲ್ಲ ಎಂದುಕೊಂಡು ಕ್ಲಾಸು ಬಿಟ್ಟೆ.

ಬೇಸಿಗೆ ರಜೆಯಲ್ಲಿ ಗಿಟಾರನ್ನೂ ಹೊತ್ತುಕೊಂಡು ಮೈಸೂರಿಗೆ, ದೊಡ್ಡಮ್ಮನ ಮನೆಗೆ ಹೋಗಿದ್ದೆ. ದೊಡ್ಡಮ್ಮ ವೀಣೆ ನುಡಿಸುತ್ತಾರೆ. ನನ್ನ ಜೀರುಂಡೆಯನ್ನು ಕೇಳಿದವರೇ, "ಮೇಳ ಕೆಟ್ಟಿದೆ ಕಣೇ, ಕಟ್ಟಿಸು" ಎಂದರು, ಹಾಲು ಒಡೆದಿದೆ ಎನ್ನುವಷ್ಟು ಸಹಜವಾಗಿ. ವೀಣೆಯ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸೆಕೆಗೆ ಮೇಣ ಮೆತ್ತಗಾದರೆ ಮೆಟ್ಟಿಲು ಜರುಗುತ್ತದೆ. ಆಗ ಕಸುಬು ಬಲ್ಲವರನ್ನು ಕರೆಸಿ ಮತ್ತೆ ಕೂರಿಸುತ್ತಾರೆ. ಅದಕ್ಕಾಗಿ ಯಾರೂ ವೈಣಿಕರ ಬೆರಳನ್ನು ಬೈಯುವುದಿಲ್ಲ.

ಗಿಟಾರಿನಲ್ಲಿ ಮೇಣವಿಲ್ಲ. ಫ್ರೆಟ್ಟಿನ ತಂತಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅಣಬೆಯ ಹಾಗಿರುತ್ತದೆ. ಮೇಲೆ ಕಾಣುವುದು ಅದರ ಕೊಡೆ. ಕಾಂಡ ಮರದಲ್ಲಿ ಕೊಯ್ದ ಸೀಳಿನೊಳಗೆ ಇಳಿದು, ಪಕ್ಕದ ಸಣ್ಣ ಹಲ್ಲುಗಳಿಂದ ಮರವನ್ನು ಕಚ್ಚಿಕೊಳ್ಳುತ್ತದೆ. ಒಣಹವೆಗೆ ಮರ ಸೊರಗಿದಾಗ ಆ ಹಿಡಿತ ಸಡಿಲವಾಗಬಹುದು.

ತಂತಿಗಳನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಎಟಿಎಂ ಕಾರ್ಡಿನ ಗಿಡ್ಡ ಅಂಚನ್ನು ಏಳು, ಎಂಟು, ಒಂಬತ್ತನೇ ಫ್ರೆಟ್ಟುಗಳ ಮೇಲೆ ಉದ್ದಕ್ಕೆ ಇಟ್ಟೆ. ಕಾರ್ಡು ತಕ್ಕಡಿಯಂತೆ ಆಚೀಚೆ ತೂಗಿ ಟಿಕ್ ಟಿಕ್ ಎಂದಿತು. ನಡುವಿನದು ಎದ್ದಿತ್ತು. ಅದರ ತುದಿಯ ಕೆಳಗೆ ಬಸ್ ಟಿಕೆಟ್ಟಿನ ಅಂಚು ತೂರಿತು. ನಾನು ಒತ್ತುತ್ತಿದ್ದದ್ದು ಏಳನೆಯದನ್ನು. ಅಲ್ಲಿಂದಾಚೆ ಕಂಪಿಸುವ ತಂತಿಗೆ ತಗಲುತ್ತಿದ್ದದ್ದು ಎಂಟನೆಯದು. ಎಷ್ಟು ಗಟ್ಟಿಯಾಗಿ ಒತ್ತಿದ್ದರೂ ಅಷ್ಟೇ.

ಗಿಟಾರಿನ ಕುತ್ತಿಗೆಯ ಕೆಳಗೆ ಅಕ್ಕಿ ತುಂಬಿದ ಚೀಲವಿಟ್ಟು, ಫ್ರೆಟ್ಟಿನ ಮೇಲೆ ಮರದ ತುಂಡಿಟ್ಟು, ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಕೈ ನಡುಗುತ್ತಿತ್ತು. ಜೋರಾಗಿ ಹೊಡೆದರೆ ಫ್ರೆಟ್ಟು ಬಾಗುತ್ತದೆ, ಒಂದು ತುದಿ ಇಳಿದು ಇನ್ನೊಂದು ಏಳುತ್ತದೆ. ನಾಲ್ಕೈದು ಪೆಟ್ಟಿಗೆ ಪೊಳ್ಳು ಸದ್ದು ಹೋಗಿ ಗಟ್ಟಿ ಸದ್ದು ಬಂತು. ಗೆದ್ದೆ ಎಂದು ಮಲಗಿದೆ. ಬೆಳಿಗ್ಗೆ ನೋಡಿದರೆ ಬಸ್ ಟಿಕೆಟ್ಟು ಮತ್ತೆ ತೂರುತ್ತಿತ್ತು!

ಹಲ್ಲುಗಳಿಗೆ ಕಚ್ಚಲು ಮರವೇ ಸಿಗುತ್ತಿರಲಿಲ್ಲ. ಎರಡೂ ಕಡೆ ಟೇಪು ಅಂಟಿಸಿ, ಗುಂಡುಸೂಜಿಯ ತುದಿಯಿಂದ ನೀರಿನಂಥ ತೆಳು ಸೂಪರ್ ಗ್ಲೂವನ್ನು ಹನಿಹನಿಯಾಗಿ ಸಂದಿಗೆ ಬಿಟ್ಟೆ. ಅದು ತಾನಾಗಿಯೇ ಒಳಗೆ ಇಳಿಯಿತು. ಬೀದಿ ಕೊನೆಯ ಬಡಗಿಯಿಂದ ಎರವಲು ತಂದ ಕ್ಲಾಂಪಿನಲ್ಲಿ, ಕುತ್ತಿಗೆಗೆ ಬಟ್ಟೆ ಕೊಟ್ಟು, ಮರದ ತುಂಡಿನ ಸಮೇತ ಬಿಗಿದೆ. ಮಧ್ಯಾಹ್ನದವರೆಗೆ ಮುಟ್ಟಲಿಲ್ಲ.

ತಂತಿ ಏರಿಸಿ, ಶ್ರುತಿ ಮಾಡಿ, ಏಳನೇ ಫ್ರೆಟ್ಟು ಒತ್ತಿದೆ. ಅರ್ಧದಷ್ಟೂ ಒತ್ತಿರಲಿಲ್ಲ, ಸ್ವರ ತಿಳಿಯಾಗಿ ಬಂತು. ಅಡುಗೆಮನೆಯಿಂದ ದೊಡ್ಡಮ್ಮ, "ಹಾಂ, ಈಗ ಸರಿಯಾಯ್ತು" ಎಂದರು. ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಬಸ್ ಟಿಕೆಟ್ಟಿನಷ್ಟು ದಪ್ಪದ ಸಂದಿಗಾಗಿ ಸಂಗೀತವನ್ನೇ ಬಿಟ್ಟಿದ್ದೆನಲ್ಲ!

ಅದೇ ಹುರುಪಿನಲ್ಲಿ ಎಫ್ ಕಾರ್ಡ್ ಹಿಡಿದೆ. ಎರಡನೇ ತಂತಿ ಮಂಕಾಗಿ ಸತ್ತುಬಿತ್ತು. ಎಟಿಎಂ ಕಾರ್ಡು ತಂದು ಮೊದಲ ಮೂರು ಫ್ರೆಟ್ಟುಗಳ ಮೇಲಿಟ್ಟು ನೋಡಿದೆ. ಅಲುಗಲಿಲ್ಲ. ಎಲ್ಲವೂ ಸಮ. ಇದು ನನ್ನ ಬೆರಳಿನದೇ ತಪ್ಪು. ಕಾರ್ಡನ್ನು ಪರ್ಸಿಗೆ ಸೇರಿಸಿ, ತೋರುಬೆರಳನ್ನು ಸ್ವಲ್ಪ ಹೊರಳಿಸಿ, ಮತ್ತೆ ಹಿಡಿದೆ.