ಉಪ್ಪಿನ ಭರಣಿ ಹೇಳಿದ ಬುದ್ಧಿ

ಮಗಳನ್ನು ಮದುವೆ ಮಾಡಿ ಮಡಿಕೇರಿಗೆ ಕಳಿಸಿದಾಗ ನನಗೆ ಇದ್ದದ್ದು ಒಂದೇ ಚಿಂತೆ. ನಮ್ಮ ಕುದೇರಿನ ಬಿಸಿಲಲ್ಲಿ ಬೆಳೆದ ಕೂಸು ಆ ಮಳೆಗೆ ಒಗ್ಗೀತೇ? ಅವಳು ಜೊತೆಯಲ್ಲಿ ಒಯ್ದ ಅಂಗೈಯಗಲದ ಗಿಡದ ಯೋಚನೆ ಮಾತ್ರ ನನ್ನ ತಲೆಗೆ ಬಂದಿರಲಿಲ್ಲ.

ಆ ಗಿಡ ಅವಳು ಕಾಲೇಜಿನಲ್ಲಿದ್ದಾಗ ಮೈಸೂರಿನ ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಹೋದ ದಿನ ಕೊಂಡು ತಂದದ್ದು. ಚೂಪಾದ ದಪ್ಪ ಎಲೆಗಳು, ಅವುಗಳ ಮೇಲೆ ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆದಂತೆ ಬಿಳಿ ಪಟ್ಟೆ. ಮಾರುವವರು ‘ಜೀಬ್ರಾ ಗಿಡ’ ಅನ್ನುತ್ತಾರೆ, ಪುಸ್ತಕದ ಹೆಸರು ಹಾವೋರ್ಥಿಯ. ದಕ್ಷಿಣ ಆಫ್ರಿಕದ ಒಣನೆಲದ್ದು, ನಮ್ಮ ಲೋಳೆಸರದ ಬಳಗವೇ. ನಾಲ್ಕು ವರ್ಷ ನಮ್ಮ ಪಡಸಾಲೆಯ ಪೂರ್ವದ ಕಿಟಕಿಯಲ್ಲಿ, ನೆನಪಾದಾಗ ಹಾಕಿದ ನೀರಿನಲ್ಲೇ ಹಾಯಾಗಿತ್ತು.

ಮದುವೆಯಾದದ್ದು 2022ರ ಮೇ ತಿಂಗಳಲ್ಲಿ. ಜುಲೈನಲ್ಲಿ ಒಂದು ಸಂಜೆ ಮಗಳ ಫೋನು.

“ಅವ್ವಾ, ಗಿಡದ ಎಲೆ ಮೆತ್ಗಾಗದ ಕಣವ್ವ. ಏನ್ ಮಾಡ್ಲಿ?”

ನಾನು ಹಿಂದುಮುಂದು ಯೋಚಿಸಲಿಲ್ಲ. “ಚಳಿ ತಡೀಲಾರ್ದೆ ಹಂಗಾಗದ ಕೂಸು. ಬಚ್ಚಲೊಲೆ ಹತ್ರ ಬೆಚ್ಚಗಿಡು. ದಿನಾ ಬೆಳಿಗ್ಗೆ ತುಳಸಿಗೆ ಹಾಕ್ದಂಗೆ ಒಂದು ಲೋಟ ನೀರು ಹಾಕು” ಎಂದುಬಿಟ್ಟೆ.

ಹದಿನೈದು ದಿನಕ್ಕೆ ಮತ್ತೆ ಫೋನು, ಈ ಸಲ ಅಳು. “ಬುಡನೇ ಕೊಳ್ತೋಯ್ತು ಕಣವ್ವ. ಒಂದು ಗಿಡ ಉಳಿಸ್ಕೊಳ್ಳಾಕಾಗ್ನಿಲ್ಲ ನನ್ ಕೈಲಿ.” ತವರಿನಿಂದ ತಂದ ಗಿಡ ಮೊದಲ ವರ್ಷವೇ ಹೋಗಬಾರದು ಎಂದು ಯಾರೋ ಬಂದುಹೋಗುವವರು ಅಂದಿದ್ದರಂತೆ. ಆ ಅಳು ಬರೀ ಗಿಡದ್ದಲ್ಲ ಎಂದು ಹೆತ್ತ ಕರುಳಿಗೆ ತಿಳಿಯದೇ? ಮಾರನೆಯ ಬೆಳಿಗ್ಗೆಯೇ ಮೈಸೂರಿನ ಮೇಲೆ ಬಸ್ಸು ಹಿಡಿದೆ.

ಬೀಗಿತ್ತಿ ಏನಂದಾರೋ ಎಂಬ ಅಳುಕಿನಲ್ಲೇ ಒಳಗೆ ಹೋದೆ. ಅವರು ಕಾಫಿ ಕೊಟ್ಟು, ನಗುತ್ತಾ ಅಡಿಗೆಮನೆಯ ಉಪ್ಪಿನ ಭರಣಿ ತೆರೆದು ತೋರಿಸಿದರು. ಉಪ್ಪು ನೀರೊಡೆದು ತಳದಲ್ಲಿ ನಿಂತಿತ್ತು.

“ನಮ್ಮಲ್ಲಿ ಮಳೆಗಾಲಕ್ಕೆ ಉಪ್ಪು ಹೀಗಾಗ್ತದೆ, ಬಟ್ಟೆ ಒಣಗೋದಿಲ್ಲ. ಆ ಗಿಡಕ್ಕೂ ಅದೇ ಆಯ್ತು. ಚಳಿ ಅಲ್ಲ ಅದು, ತೇವ. ಪಾಪ, ನಿಮ್ಮ ಮಗಳು ಚೆನ್ನಾಗಿಯೇ ನೋಡಿಕೊಂಡಿದ್ದಾಳೆ.”

ಆ ಕೊನೆಯ ಮಾತಿಗೆ ಮಗಳ ಮುಖ ಅರಳಿತು. ನನ್ನ ಮುಖ ಸಣ್ಣಗಾಯಿತು. ಬಚ್ಚಲ ಹಬೆಯಲ್ಲಿ ಇಡಿಸಿ, ದಿನಾ ನೀರು ಹಾಕಿಸಿ ಗಿಡ ಕೊಂದವಳು ನಾನೇ ಅಲ್ಲವೇ? ಬಾಗಿಲ ಮೇಲೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ತಿಂಗಳುಗಟ್ಟಲೆ ಹಸಿರಾಗಿರುವುದನ್ನು ಹುಟ್ಟಿದಾಗಿನಿಂದ ನೋಡಿದವಳಿಗೆ ಇಷ್ಟು ಹೊಳೆಯಲಿಲ್ಲ.

ಕೊಳೆತ ಬುಡದಲ್ಲಿ ಒಂದೇ ಒಂದು ಮರಿ ಗಟ್ಟಿಯಾಗಿ ಉಳಿದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಊರಿಗೆ ತಂದೆ. ನಾಲ್ಕು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟು, ತೂತಿರುವ ಮಣ್ಣಿನ ಕುಂಡದಲ್ಲಿ ಕೆಮ್ಮಣ್ಣು, ಮರಳು, ಇಟ್ಟಿಗೆ ಚೂರು ಸಮಸಮ ಬೆರೆಸಿ ನೆಟ್ಟೆ. ವಾರದವರೆಗೆ ನೀರು ಮುಟ್ಟಿಸಲಿಲ್ಲ.

ನಮ್ಮ ಬೀದಿಯ ವಿಜ್ಞಾನದ ಮೇಷ್ಟ್ರು ಇದರ ಗುಟ್ಟು ಬಿಡಿಸಿ ಹೇಳಿದರು. ಹೈಸ್ಕೂಲಿನಲ್ಲಿ ಓದಿದ ‘ಪತ್ರರಂಧ್ರ’ ನಿಮಗೂ ನೆನಪಿರಬಹುದು. ಬೇರೆ ಗಿಡಗಳು ಅದನ್ನು ಹಗಲು ತೆರೆದರೆ, ಈ ಜಾತಿಯ ಗಿಡಗಳು ರಾತ್ರಿಯ ತಂಪಿನಲ್ಲಿ ತೆರೆದು ಬೇಕಾದ ಗಾಳಿ ಒಳಗೆಳೆದುಕೊಂಡು, ಹಗಲು ಮುಚ್ಚಿಕೊಳ್ಳುತ್ತವೆ. ಹಾಗಾಗಿ ಎಲೆಯಲ್ಲಿ ಕೂಡಿಟ್ಟ ನೀರು ಸುಲಭಕ್ಕೆ ಖರ್ಚಾಗದು. ಗಾಳಿಯೇ ತೇವವಾಗಿದ್ದರೆ ಕುಂಡದ ಮಣ್ಣೂ ಒಣಗದು. ಬೇರಿಗೆ ಉಸಿರುಕಟ್ಟಿ, ಬೂಷ್ಟು ಹತ್ತಿ ಕೊಳೆಯುತ್ತದೆ.

ನಮಗೆ ಹಿತವಾದ ಹವೆಯೇ ಇದಕ್ಕೂ ಹಿತ. 18ರಿಂದ 27 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಚೆನ್ನ, ರಾತ್ರಿ ಸ್ವಲ್ಪ ತಂಪಾದರೆ ಇನ್ನೂ ಚೆನ್ನ. ಮಡಿಕೇರಿಯ ಮಳೆಗಾಲದ 20 ಡಿಗ್ರಿ ಆಸುಪಾಸಿನ ಹವೆ ಅದಕ್ಕೆ ಚಳಿಯೇ ಅಲ್ಲ. ಐದು ಡಿಗ್ರಿಗಿಂತ ಕೆಳಗಿಳಿದರೆ ಮಾತ್ರ ಅಪಾಯ. ಗಾಳಿಯ ತೇವಾಂಶ ನೂರಕ್ಕೆ 30ರಿಂದ 50 ಇದ್ದರೆ ಸಾಕು. ನಮ್ಮ ಚಾಮರಾಜನಗರದ ಕಡೆ ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆಯಾದರೆ, ಮಡಿಕೇರಿಯಲ್ಲಿ 3,000ಕ್ಕೂ ಮಿಗಿಲು. ವ್ಯತ್ಯಾಸ ಇರುವುದು ಅಲ್ಲಿ.

ತೇವ ಅಳೆಯುವ ಯಂತ್ರ ನಮ್ಮಂಥವರ ಮನೆಯಲ್ಲಿ ಎಲ್ಲಿ ಬರಬೇಕು? ಉಪ್ಪಿನ ಭರಣಿ ಇದೆಯಲ್ಲ! ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಕಲ್ಲುಪ್ಪಾದರೆ ಇನ್ನೂ ಬೇಗ. ಉಪ್ಪು ಒದ್ದೆಯಾಗಿದ್ದರೆ ಗಿಡಕ್ಕೆ ನೀರು ಬೇಡ, ಗಾಳಿಯಾಡುವ ಕಿಟಕಿಗೆ ಎತ್ತಿಡಿ. ಉಪ್ಪು ಉದುರುದುರಾಗಿದ್ದು, ಬೆರಳು ಇಳಿಸಿದರೆ ಮಣ್ಣು ಪೂರ್ತಿ ಒಣಗಿದ್ದರೆ ಬುಡಕ್ಕೆ ನೀರು ಹಾಕಿ. ಎಲೆಗಳ ನಡುವೆ ನೀರು ನಿಲ್ಲದಿರಲಿ. ನಮ್ಮಲ್ಲಿ ಬೇಸಿಗೆಗೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಸಾಕು. ಏಪ್ರಿಲ್ಲಿನಲ್ಲಿ 35 ಡಿಗ್ರಿ ದಾಟಿದಾಗ ಅದು ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಆಗ ನೆರಳಿಗೆ ಸರಿಸಿ, ಒಣಗಿತೆಂದು ಗಾಬರಿಯಾಗಿ ಕೊಡಗಟ್ಟಲೆ ಸುರಿಯಬೇಡಿ. ನೇರ ಬಿಸಿಲು ಬಿದ್ದರೆ ಎಲೆ ಕೆಂಪಗಾಗುತ್ತದೆ.

ವರ್ಷ ಕಳೆಯುವುದರಲ್ಲಿ ನನ್ನ ಕುಂಡದಲ್ಲಿ ಮೂರು ಮರಿ ಎದ್ದವು. 2024ರ ಜನವರಿಯಲ್ಲಿ, ಮಡಿಕೇರಿಯಲ್ಲೂ ಒಣಹವೆ ಇದ್ದಾಗ, ಒಂದನ್ನು ಮಗಳಿಗೂ ಒಂದನ್ನು ಬೀಗಿತ್ತಿಗೂ ಕೊಟ್ಟು ಬಂದೆ. ಈಗ ಎರಡೂ ಅವರ ಅಡಿಗೆಮನೆಯ ಕಿಟಕಿಯಲ್ಲಿ ಅಕ್ಕಪಕ್ಕ ಇವೆ.

ಮಳೆ ಹಿಡಿದಾಗ ಮಗಳು ಫೋನು ಮಾಡುತ್ತಾಳೆ. “ಉಪ್ಪು ನೀರೊಡ್ದದ ಕಣವ್ವ, ಗಿಡಕ್ಕೆ ಒಂದು ತಿಂಗಳಿಂದ ನೀರಿಲ್ಲ.” ನಾನೂ ಈಗ ತಕ್ಷಣ ಬುದ್ಧಿ ಹೇಳಲು ಹೋಗುವುದಿಲ್ಲ. “ಅಲ್ಲಿ ಹವಾ ಹೆಂಗದ ಕೂಸು? ನಿಮ್ಮತ್ತೆ ಏನಂತಾರ?” ಎಂದು ಮೊದಲು ಕೇಳುತ್ತೇನೆ.