ಗಾಳ ಹಾಕಿ ಕುಳಿತಾಗ

ನಾನು ಆಳಂದದಲ್ಲಿ ಕನ್ನಡ ಹೇಳಿಕೊಡುವ ಮೇಷ್ಟ್ರು. ತರಗತಿಯಲ್ಲಿ ಚಾಲುಕ್ಯರ ಪ್ರಸ್ತಾಪ ಬಂದಾಗಲೆಲ್ಲ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಮಾತೆತ್ತದೆ ಬಿಡುವುದಿಲ್ಲ. ನಮಗೆ ಕಲ್ಯಾಣವೇನು ದೂರವೆ? 12ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಆ ಅರಸ ಸಂಸ್ಕೃತದಲ್ಲಿ ಬರೆದ ಆ ಗ್ರಂಥದಲ್ಲಿ ಅಡಿಗೆ, ಆನೆ, ಸಂಗೀತಗಳ ಜೊತೆಗೆ ಮೀನು ಹಿಡಿಯುವ ವಿನೋದಕ್ಕೂ ಸ್ಥಳ ಕೊಟ್ಟಿದ್ದಾನೆ. ಸುಮಾರು 35 ಬಗೆಯ ಮೀನುಗಳು, ಯಾವುದಕ್ಕೆ ಯಾವ ತಿನಿಸು ಎಂಬ ವಿವರ, ಎಲ್ಲವೂ ಅಲ್ಲುಂಟು. ಸುಂದರಲಾಲ ಹೋರಾ ಎಂಬ ಪ್ರಾಣಿಶಾಸ್ತ್ರಜ್ಞರು 1951ರಲ್ಲಿ ಆ ಭಾಗವನ್ನು ಕುರಿತೇ ಒಂದು ಲೇಖನ ಪ್ರಕಟಿಸಿದರು. ಇಷ್ಟನ್ನು ಹೇಳಿದರೆ ಹುಡುಗರು ಕಣ್ಣರಳಿಸಿ ಕೇಳುತ್ತಾರೆ. ನಾನು ಹೇಳದೆ ಬಿಡುವ ಸಂಗತಿ ಒಂದೇ: ಈ ಮೇಷ್ಟ್ರ ಅಪ್ಪ ಭೀಮಾ ಹೊಳೆಯಲ್ಲಿ ಮೀನು ಹಿಡಿದು, ಅಫಜಲಪುರದ ಸಂತೆಯಲ್ಲಿ ಮಾರಿ, ಆ ದುಡ್ಡಿನಲ್ಲಿ ಮಗನನ್ನು ಎಂ.ಎ. ಓದಿಸಿದ.

ಹನ್ನೊಂದು ವರ್ಷದ ಹಿಂದೆ ಬಾಡಿಗೆ ಮನೆ ಕೇಳಲು ಹೋದಾಗ ಮಾಲಕರು ಬಹಳ ಸೌಜನ್ಯದಿಂದ, “ಮನಿಯಾಗ ಖಂಡ, ಮೀನ ಏನೂ ಮಾಡಂಗಿಲ್ಲಲ್ರಿ ಸರ?” ಎಂದು ಕೇಳಿದ್ದರು. “ಛೇ, ಇಲ್ರಿ” ಎಂದೆ. ‘ಇಲ್ರಿ’ ಎಂದಿದ್ದರೆ ಸಾಕಾಗಿತ್ತು. ಆ ‘ಛೇ’ ಎಲ್ಲಿಂದ ಬಂತೋ ತಿಳಿಯದು. ಮನೆ ಮಾತ್ರ ಸಿಕ್ಕಿತು.

ಈ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಉಂಡದ್ದಾಯಿತು. ಮರುದಿನ ಕಾಕಾ, “ನಡಿ ಮಾಸ್ತರ, ಹೊಳೀಗೆ ಹೋಗಿ ಬರಮು” ಎಂದ. ಜೇವರ್ಗಿ ದಾರಿಯ ಕಟ್ಟಿಸಂಗಾವಿಯ ಸೇತುವೆಯ ತನಕ ಹೋಗುವುದೆಂದು ಮೊದಲು ಮಾತಾಗಿತ್ತು; ಮುದುಕನ ಮೊಣಕಾಲು ಒಪ್ಪದೆ ಊರ ಕೆಳಗಿನ ಮಡುವಿನಲ್ಲೇ ಕುಳಿತೆವು.

ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ನಾನು ಅವಸರದಿಂದ ಗಾಳ ಬಿಚ್ಚತೊಡಗಿದರೆ ಕಾಕಾ ಬೀಡಿ ಹಚ್ಚಿಕೊಂಡ. “ಥಂಡಿಯಾಗ ಮೀನ ನಮ್ಮಂಗೇ. ಬಿಸಲ ಬೀಳೂತನ ಬಾಯಿ ತೆರಿಯಂಗಿಲ್ಲ.” ಮಾತು ನಿಜವೇ. ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಷ್ಟೂ ಅದರ ಹಸಿವು ಕುಗ್ಗುತ್ತದೆ, ಆಳಕ್ಕಿಳಿದು ಅಲ್ಲಾಡದೆ ಇರುತ್ತದೆ. ಕಾಕಾ ಇದನ್ನು ಯಾವ ಪುಸ್ತಕದಲ್ಲೂ ಓದಿದವನಲ್ಲ.

ಜೋಳದ ಹಿಟ್ಟಿಗೆ ಗಾಣದ ಶೇಂಗಾ ಹಿಂಡಿ ಸೇರಿಸಿ ಅವನು ಉಂಡೆ ಕಟ್ಟಿದ. ನಮ್ಮ ಬುತ್ತಿಯಲ್ಲೂ ರೊಟ್ಟಿಯ ಜೊತೆಗೆ ಇದ್ದದ್ದು ಶೇಂಗಾ ಹಿಂಡಿಯೇ, ಖಾರದ್ದು. ಮೀನಿಗೂ ಮೇಷ್ಟ್ರಿಗೂ ಅಂಥ ಭೇದವೇನಿರಲಿಲ್ಲ. ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟು ಕುಳಿತೆವು.

ಸುಮ್ಮನೆ ಕುಳಿತಾಗ ಮಾತು ತಾನಾಗಿ ಹಳೆಯದಕ್ಕೆ ಹೊರಳುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ, ಇಲ್ಲಿ ನಮ್ಮ ತಾಲೂಕಿನಲ್ಲೇ ಸೊನ್ನದ ಬ್ಯಾರೇಜು. ಹೊಳೆ ಏರುವುದೂ ಇಳಿಯುವುದೂ ಈಗ ಬಾಗಿಲು ತೆಗೆಯುವವರ ಕೈಯಲ್ಲಿದೆ ಎಂದು ಕಾಕಾ ಗೊಣಗಿದ. ಅಪ್ಪ ತೀರಿಕೊಂಡ ಮೇಲೆ ಅವನ ಬೀಸುಬಲೆ ಕಾಕಾನ ಗುಡಿಸಲಲ್ಲೇ ಇತ್ತು. 2020ರ ಅಕ್ಟೋಬರಿನ ಮಹಾಪೂರದಲ್ಲಿ ಗುಡಿಸಲೂ ಹೋಯಿತು, ಬಲೆಯೂ ಹೋಯಿತು. ಸಂಜೆಯ ಹೊತ್ತು ಹೊಸ್ತಿಲಲ್ಲಿ ಕುಳಿತು, ಬಲೆಯ ಒಂದು ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಅಪ್ಪ ಕೂಡಿಸುತ್ತಿದ್ದುದು ನೆನಪಾಯಿತು. ಆ ಕೆಲಸವನ್ನು ನಾನು ಕಲಿಯಲಿಲ್ಲ, ಅವನೂ ಕಲಿಸಲಿಲ್ಲ.

ಮೌನ ಸಹಿಸದೆ ಸೋಮೇಶ್ವರನ ಕತೆ ಹೇಳಿದೆ. ಕಾಕಾ ಪೂರ್ತಿ ಕೇಳಿದ.

“ಹಿಡದ ಮೀನ ಮಾರತಿದ್ನೇನು ಅಂವ?”

“ಇಲ್ಲ ಕಾಕಾ, ರಾಜ ಅಂವ. ಆಟಕ್ಕ ಹಿಡೀತಿದ್ದ.”

“ಆಟಕ್ಕ!” ಕಾಕಾ ನಕ್ಕ. “ಇರ್ಲಿ. ಅಂವಗ ಗಾಳ ಕಟ್ಟಿ ಕೊಟ್ಟಂವ ಯಾರು? ಅವನ ಹೆಸರ ಬರದಾನೇನು?”

ನಾನು ಓದಿದ್ದರಲ್ಲಿ ಅಂಥ ಹೆಸರು ಯಾವುದೂ ನೆನಪಾಗಲಿಲ್ಲ.

ಬಿಸಿಲು ಬೆನ್ನು ಸುಡುವಷ್ಟಾದಾಗ ಬೆಂಡು ಒಮ್ಮೆ ಮುಳುಗಿ ಎದ್ದಿತು. ನಾನು ಎಳೆದೆ; ಬರಿಯ ಮುಳ್ಳು ಬಂತು. “ಅವಸರ ಮಾಡಿದಿ. ನುಂಗಗೊಡು” ಎಂದ. ಎರಡನೆಯ ಸಲ ನುಂಗಗೊಟ್ಟೆ. ಒಂದೂವರೆ ಕಿಲೋದ ರೋಹು. ಇದು ನಮ್ಮ ಭೀಮೆಯ ಮೂಲದ ಮೀನಲ್ಲ, ಉತ್ತರದ ಗಂಗೆಯ ಸೀಮೆಯದು. ಮರಿ ತಂದು ಬಿಟ್ಟದ್ದರಿಂದ ಇಲ್ಲಿ ನೆಲೆಯೂರಿದೆ. ದಂಡೆಯ ಮೇಲೆ ಅದು ಬಡಿದಾಡುವಾಗ ನನ್ನ ಕೈ ತಾನಾಗಿಯೇ ಹೋಗಿ ಕಿವಿರಿಗೆ ಬೆರಳು ಹಾಕಿತು. ಮೂವತ್ತು ವರ್ಷವಾಗಿದ್ದರೂ ಕೈಗೆ ಮರೆತಿರಲಿಲ್ಲ.

ಕಾಕಾ ಮೀನನ್ನು ಹಸಿ ಹುಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ. “ಒಯ್ಯಿ. ಹುಡುಗರಿಗೆ ಮಾಡಿ ಹಾಕು.”

“ಬ್ಯಾಡ ಕಾಕಾ. ಬಸ್ಸಿನಾಗ ವಾಸನಿ ಬರ್ತದ.”

ಅವನು ಬಯ್ಯಲಿಲ್ಲ. ಗಾಳದ ದಾರ ಸುತ್ತುತ್ತಲೇ ಹೇಳಿದ: “ನಿನ್ನ ಹಾಸ್ಟೆಲಿಗಿ ಬರಬೇಕಾದ್ರ ನಿಮ್ಮಪ್ಪ ಮೂರ ಸಲ ಸಬಕಾರ ಹಚ್ಚಿ ಕೈ ತಿಕ್ಕೋತಿದ್ದ. ಗೊತ್ತಿತ್ತೇನು ನಿನಗ?”

ಗೊತ್ತಿರಲಿಲ್ಲ. ಅಪ್ಪ ಬಂದಾಗ ಕೈಗಳನ್ನು ಧೋತರದ ಮಡಿಕೆಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದುದು ಮಾತ್ರ ಗೊತ್ತಿತ್ತು. ಹಳ್ಳಿಯವರ ಸಂಕೋಚವೆಂದು ತಿಳಿದಿದ್ದೆ.

ಚೀಲ ತೆಗೆದುಕೊಂಡೆ. ಎರಡು ಬಸ್ಸು ಬದಲಿಸುವ ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲಿತ್ತು. ಯಾರಾದರೂ ಮೂಗು ಮುಚ್ಚಿಕೊಂಡಾರೆಂದು ಕಾದೆ. ಪಕ್ಕದ ಸೀಟಿನ ಹೆಣ್ಣುಮಗಳು ಬಗ್ಗಿ ನೋಡಿ, “ಹೊಳೀ ಮೀನೇನ್ರಿ? ಎಷ್ಟಕ್ಕ ತಂದ್ರಿ?” ಎಂದು ಕೇಳಿದಳು, ಅಷ್ಟೆ.

ಮನೆ ಮುಟ್ಟಿದಾಗ ಮಾಲಕರು ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದರು. “ಏನ್ ಸರ, ಊರಿಂದ ಶೇಂಗಾ ತಂದ್ರೇನು?”

“ಇಲ್ರಿ, ಮೀನ್ರಿ” ಎಂದೆ. “ನಮ್ಮಪ್ಪ ಇದನ್ನೇ ಹಿಡೀತಿದ್ದ.”

ಅವರು ಕನ್ನಡಕ ತೆಗೆದು ಒಮ್ಮೆ ಚೀಲವನ್ನೂ ಒಮ್ಮೆ ನನ್ನನ್ನೂ ನೋಡಿ, ಪತ್ರಿಕೆ ಮಡಿಚಿಕೊಂಡು ಒಳಗೆ ಹೋದರು. ಮನೆ ಬಿಡಿರೆಂದು ಈವರೆಗೆ ಹೇಳಿಲ್ಲ. ಮಾತು ಕಡಿಮೆಯಾಗಿದೆ.