ದನಿ ಬಂದ ದಿಕ್ಕು

ಕಿವಿಯ ಆಪರೇಷನ್ ಆದವರನ್ನು ನೋಡಲು ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ‘ಈಗ ಚೆನ್ನಾಗಿ ಕೇಳ್ತದಾ?’ ಇಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡವರು ಒಂದೆರಡು ದಿನದಲ್ಲೇ ಪೇಪರ್ ಹಿಡಿದು ಕೂರುವುದನ್ನು ಕಂಡವರು ನಾವು. ಕಿವಿಯೂ ಹಾಗೆಯೇ ಎಂದುಕೊಳ್ಳುವುದು ಸಹಜ. ಆದರೆ ತಮಟೆ ಸರಿಮಾಡಿಸಿಕೊಂಡ ಕಿವಿ ಮೊದಲ ವಾರಗಳಲ್ಲಿ ಮುಂಚಿಗಿಂತಲೂ ಮಂದ. ಒಳಗೆ ತುಂಬಿರುವ ಸ್ಪಂಜಿನಂಥ ಪದಾರ್ಥ ತಾನಾಗಿ ಕರಗಬೇಕು, ಗಾಯ ಆರಬೇಕು. ಅಲ್ಲಿಯವರೆಗೆ ಹೊರಗಿನ ಸದ್ದು ದೂರ, ಒಳಗಿನದು ಹತ್ತಿರ. ನನ್ನ ಮಾತು ನನಗೇ ಗುಡಾಣದೊಳಗಿಂದ ಬಂದಂತೆ ಮೊಳಗುತ್ತಿತ್ತು. ಎಂಜಲು ನುಂಗಿದರೆ ಚಟ್ ಎನ್ನುವ ಸದ್ದು. ರಾತ್ರಿ ಮಲಗಿದರೆ ಎದೆಬಡಿತ.

ಚಿಕ್ಕವಳಿದ್ದಾಗಿನಿಂದ ನನ್ನ ಎಡಗಿವಿ ಸೋರುತ್ತಿತ್ತು. ಮಲೆನಾಡಿನ ಮಳೆಗಾಲ, ಬಿಡದ ನೆಗಡಿ. ಮಕ್ಕಳಲ್ಲಿ ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳ ದೊಡ್ಡವರದಕ್ಕಿಂತ ಗಿಡ್ಡ, ಹೆಚ್ಚು ಅಡ್ಡಡ್ಡ. ನೆಗಡಿಯ ಸೋಂಕು ಅದರೊಳಗಿಂದ ಸುಲಭವಾಗಿ ನುಗ್ಗುತ್ತದೆ, ಕೀವು ಕಟ್ಟುತ್ತದೆ, ತಮಟೆ ತೂತಾಗುತ್ತದೆ. ‘ದೊಡ್ಡವಳಾದ ಮೇಲೆ ತಾನೇ ಹೋಗ್ತದೆ’ ಎನ್ನುತ್ತಿದ್ದರು ಹಿರಿಯರು. ಸೋರುವುದು ಕಡಿಮೆಯಾಯಿತು ನಿಜ. ತೂತು ಮಾತ್ರ ಉಳಿಯಿತು.

ಎಷ್ಟು ಸಣ್ಣ ಜಾಗ ಅದು! ತಮಟೆಯ ಅಗಲ ಒಂದು ಸೆಂಟಿಮೀಟರ್ ಹತ್ತಿರ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದಕ್ಕೆ ತಗುಲಿಕೊಂಡ ಮೂರು ಪುಟ್ಟ ಮೂಳೆಗಳು. ಕೊನೆಯದು, ದೇಹದಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಗಾಳಿಯ ಸಣ್ಣ ಅಲುಗಾಟವನ್ನು ತಮಟೆ ಹಿಡಿದು ಈ ಮೂಳೆಗಳ ಮೂಲಕ ಒಳಗಿವಿಗೆ ದಾಟಿಸುವಾಗ ಒತ್ತಡ 20 ಪಟ್ಟಿನಷ್ಟು ಹೆಚ್ಚುತ್ತದಂತೆ. ತೂತಾದ ತಮಟೆಗೆ ಆ ಬಲವೆಲ್ಲಿ?

ಈ ತೂತನ್ನು ಮುಚ್ಚಲು ಮನುಷ್ಯ ಪಟ್ಟ ಪಾಡಿನ ಕತೆ ಓದಿದಾಗ ನನಗೆ ಗೌರವ ಹುಟ್ಟಿತು. 1640ರಲ್ಲಿ ಜರ್ಮನಿಯ ಮಾರ್ಕಸ್ ಬಾಂಝರ್ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ನೋಡಿದ. 1850ರ ದಶಕದಲ್ಲಿ ಲಂಡನ್ನಿನ ಜೋಸೆಫ್ ಟಾಯ್ನ್‌ಬೀ ಬೆಳ್ಳಿತಂತಿಗೆ ರಬ್ಬರಿನ ಬಿಲ್ಲೆ ಸಿಕ್ಕಿಸಿ ಕಿವಿಯೊಳಗೆ ಇಡಿಸಿದ. 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಇಂದಿನ ಶಸ್ತ್ರಚಿಕಿತ್ಸೆಗೆ ದಾರಿ ಹಾಕಿಕೊಟ್ಟರು. ಹೊರಗಿನದನ್ನು ತಂದು ತುರುಕಿದಾಗ ಒಲಿಯದ ಕಿವಿ, ಕೊನೆಗೆ ಒಲಿದದ್ದು ರೋಗಿಯ ಮೈಯಿಂದಲೇ ತೆಗೆದ ತುಣುಕಿಗೆ. ನನಗೂ ಕಿವಿಯ ಮೇಲುಗಡೆಯ, ಅಗಿಯುವ ಸ್ನಾಯುವಿನ ಮೇಲಿರುವ ತೆಳು ಪೊರೆಯಲ್ಲಿ ಒಂದು ಚೂರು ತೆಗೆದು ತೂತಿನ ಅಡಿಗೆ ಇಟ್ಟರು. ಹಾಗೆಂದೇ ಕೆಲವು ದಿನ ಚಪಾತಿ ಅಗಿಯಲು ಹೋದರೆ ಕಪಾಲ ನೋಯುತ್ತಿತ್ತು. ಗಂಜಿ, ಮೆತ್ತಗಿನ ಅನ್ನವೇ ಗತಿ.

‘ನಾವು ಇಟ್ಟದ್ದು ಆಧಾರ ಅಷ್ಟೇ. ಮುಚ್ಚಿಕೊಳ್ಳಬೇಕಾದ್ದು ನಿಮ್ಮ ತಮಟೆಯೇ’ ಎಂದರು ಡಾಕ್ಟರ್. ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ ತೂತಿನ ಅಂಚಿನ ಚರ್ಮ ಆ ಪೊರೆಯ ಮೇಲೆ ನಿಧಾನವಾಗಿ ಸಾಗಿ ಆಚೆ ದಡ ಮುಟ್ಟಬೇಕು. ಅದನ್ನು ಅವಸರಿಸುವ ಔಷಧಿಯಿಲ್ಲ. ಕೆಡಿಸುವುದು ಮಾತ್ರ ಬಲು ಸುಲಭ. ಜೋರಾಗಿ ಮೂಗು ಸೀಟಿದರೆ ಗಾಳಿ ಅದೇ ನಾಳದಿಂದ ನುಗ್ಗಿ ಪೊರೆಯನ್ನು ಎಬ್ಬಿಸಬಹುದು. ಬಾಯಿ ಮುಚ್ಚಿ ಸೀನಿದರೂ ಅಷ್ಟೇ. ತುಂಬಿದ ಕೊಡ ಎತ್ತುವಂತಿಲ್ಲ. ಕಿವಿಗೆ ಒಂದು ಹನಿ ನೀರು ಬೀಳುವಂತಿಲ್ಲ. ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟುಕೊಂಡೇ ಸ್ನಾನ.

ಈ ನಿಯಮಗಳನ್ನು ನನಗಿಂತ ಗಟ್ಟಿಯಾಗಿ ಹಿಡಿದವಳು ಅಮ್ಮ. ಒಗ್ಗರಣೆಗೆ ಒಣಮೆಣಸು ಹಾಕುವ ಮೊದಲು ನನ್ನನ್ನು ಜಗಲಿಗೆ ಕಳಿಸುತ್ತಿದ್ದಳು; ಘಾಟಿಗೆ ಸೀನು ಬಂದೀತೆಂಬ ಭಯ. ಮೂಗು ಅರಳಿದ್ದು ಕಂಡರೆ ಸಾಕು, ‘ಬಾಯಿ ಬಿಟ್ಟೇ ಸೀನು ಮಾರಾಯ್ತಿ, ತಡೀಬೇಡ’ ಎಂದು ಒಳಗಿಂದಲೇ ಕೂಗು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮ ಮನೆಯ ಹಳೇ ಪದ್ಧತಿ. ಡಾಕ್ಟರ್ ಬೇಡವೆಂದ ದಿನ ಆ ಎಣ್ಣೆ ಬಾಟಲಿ ದೇವರ ಗೂಡಿನ ಪಕ್ಕದಿಂದ ಮಾಯವಾಯಿತು. ಸಾರಿಗೆ ನಾಲಿಗೆಯ ಒಂದು ಮಗ್ಗುಲಲ್ಲಿ ಲೋಹದ ರುಚಿ ಬರುತ್ತದೆ ಎಂದಾಗ ಅಮ್ಮ ಹುಳಿ ಹೆಚ್ಚಾಯಿತೇನೋ ಎಂದು ನೊಂದುಕೊಂಡಳು. ರುಚಿ ಒಯ್ಯುವ ಒಂದು ನರ ತಮಟೆಯ ಹಿಂದೆಯೇ ಹಾದುಹೋಗುತ್ತದೆ, ಆಪರೇಷನ್ನಿನಲ್ಲಿ ಅದಕ್ಕೆ ಕೈತಾಗಿದರೆ ಹೀಗಾಗುವುದುಂಟು, ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರ್ ಹೇಳಿದ ಮೇಲೆಯೇ ಅವಳಿಗೆ ಸಮಾಧಾನ. ಹಾಗೆಯೇ ಸರಿಹೋಯಿತು.

ತಿಂಗಳುಗಳ ಮೇಲೆ ಮತ್ತೆ, ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಆಡಿಯೋಗ್ರಾಮ್ ಮಾಡಿದರು. ಎಡಗಿವಿಯ ಗೆರೆ ಮೇಲೇರಿತ್ತು. ಸದ್ದು ಜೋರಾದದ್ದಕ್ಕಿಂತ ದೊಡ್ಡ ಬದಲಾವಣೆಯೊಂದು ನನಗೆ ತಿಳಿದದ್ದು ಶಾಲೆಯಲ್ಲಿ. ದನಿ ಎಲ್ಲಿಂದ ಬಂತೆಂದು ನಮಗೆ ಹೇಳುವುದು ಎರಡು ಕಿವಿಗಳ ಲೆಕ್ಕಾಚಾರ. ಬಲಗಡೆಯ ಸದ್ದು ಬಲಗಿವಿಗೆ ಮೊದಲು, ತುಸು ಜೋರಾಗಿ ತಲುಪುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯ ಆ ಅಂತರವನ್ನು ಮಿದುಳು ಅಳೆಯುತ್ತದೆ. ಒಂದು ಕಿವಿ ಮಂದವಾದರೆ ಲೆಕ್ಕ ತಪ್ಪುತ್ತದೆ. ಎಷ್ಟೋ ವರ್ಷ ತರಗತಿಯಲ್ಲಿ ‘ಟೀಚರ್’ ಎಂಬ ಕರೆ ಕೇಳಿ, ಕರೆದ ಮಗುವನ್ನು ಕಣ್ಣಿಂದ ಹುಡುಕುತ್ತಿದ್ದೆ. ಮದುವೆಮನೆಯ ಪಂಕ್ತಿಯಲ್ಲಿ ಎಡಪಕ್ಕದವರ ಮಾತು ಜಾರಿಹೋಗುವುದೆಂದು ಯಾವಾಗಲೂ ಎಡತುದಿಯ ಎಲೆಯೇ ನನ್ನದು. ಈಗ ಕಿಟಕಿಯ ಕಡೆಯ ಕೊನೇ ಬೆಂಚಿನಿಂದ ಪಿಸುಗುಟ್ಟಿದರೂ ಕತ್ತು ಅತ್ತಲೇ ತಿರುಗುತ್ತದೆ. ಜನರ ನಡುವೆ ನಾನು ಎಲ್ಲಿದ್ದೇನೆ, ಯಾರು ನನ್ನ ಯಾವ ಬದಿಗಿದ್ದಾರೆ ಎಂಬ ತಿಳಿವನ್ನು ಆ ಚೂರು ಪೊರೆ ನನಗೆ ಮರಳಿ ಕೊಟ್ಟಿತು.

ಅಂದಿನಿಂದ ತರಗತಿಯ ಮಕ್ಕಳನ್ನು ಬೇರೆ ಬಗೆಯಲ್ಲಿ ನೋಡುತ್ತೇನೆ. ಮಾತು ಕೇಳಲು ಒಂದೇ ಬದಿಗೆ ತಲೆ ವಾಲಿಸುವ ಹುಡುಗ, ಕರೆದರೆ ಬೇರೆತ್ತಲೋ ತಿರುಗುವ ಹುಡುಗಿ, ಉಕ್ತಲೇಖನದಲ್ಲಿ ಪಕ್ಕದವರ ಪುಸ್ತಕ ನೋಡುವ ಮಗು. ಇವರನ್ನು ‘ಪಾಠದ ಕಡೆ ಗಮನ ಇಲ್ಲ’ ಎಂದು ಬರೆದುಬಿಡುವುದು ಸುಲಭ. ನಾನು ಅವರ ಕಿವಿಯಲ್ಲಿ ಹತ್ತಿಯಿದೆಯೇ, ವಾಸನೆಯಿದೆಯೇ ಎಂದು ನೋಡುತ್ತೇನೆ. ಅಪ್ಪ ಅಮ್ಮನನ್ನು ಕರೆಸುತ್ತೇನೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥದ್ದು ನಮ್ಮ ರಾಜ್ಯದಲ್ಲೇ ಇದೆ, ಜಿಲ್ಲಾಸ್ಪತ್ರೆಯಲ್ಲಿ ಕಿವಿ ಡಾಕ್ಟರ್ ಸಿಗುತ್ತಾರೆ ಎಂದು ಹೇಳುತ್ತೇನೆ. ‘ಮಕ್ಕಳಿಗೆ ಕಿವಿ ಸೋರೋದು ಇದ್ದಿದ್ದೇ ಅಲ್ವಾ ಟೀಚರ್’ ಎನ್ನುತ್ತಾರೆ ಕೆಲವರು. ಇದ್ದದ್ದೇ ಅಲ್ಲ. ಸೋರುವ ಕಿವಿ ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ. ಬೇಗ ಹೋದಷ್ಟೂ ಉಳಿಯುವುದು ಹೆಚ್ಚು. ತನ್ನನ್ನು ಯಾರು, ಯಾವ ಕಡೆಯಿಂದ ಕರೆಯುತ್ತಿದ್ದಾರೆಂದು ತಿಳಿಯುವ ಹಕ್ಕು ಪ್ರತಿ ಮಗುವಿಗೂ ಇದೆ, ಅದಕ್ಕಾಗಿ ದೊಡ್ಡವರಾಗುವವರೆಗೆ ಕಾಯಬೇಕಾಗಿಲ್ಲ.